ಮೇಲಿನ ತೋಟಕ್ಕೊಂದು ಮಳೆನೀರಿನ ಡ್ರಮ್ಮು

ಮಲೆನಾಡಿನ ಮಳೆಗಾಲದಲ್ಲಿ ನೀರಿಗೇನು ಬರ ಎಂದು ಸದಸ್ಯ ಬಾಂಧವರು ಕೇಳಬಹುದು. ಹಳ್ಳದ ಪಕ್ಕದ ತೋಟದವರಿಗೆ ಬರವಿಲ್ಲ, ನಿಜ. ಆದರೆ ಗುಡ್ಡದ ಓರೆಯಲ್ಲಿಯೂ ಅಡಿಕೆ ಹಾಕಿದ ನಮ್ಮಂಥವರಿಗೆ ಕೊಳೆರೋಗದ ಔಷಧಿ ಹೊಡೆಯುವ ದಿನ ನೀರು ಬೇಕಾದ ಜಾಗದಲ್ಲಿ ಇರುವುದಿಲ್ಲ.

ಕಳೆದ ಮಳೆಗಾಲದಲ್ಲಿ ನನಗಾದದ್ದನ್ನೇ ಹೇಳುತ್ತೇನೆ. ಎರಡನೆಯ ಸಿಂಪಡಣೆಯ ಹೊತ್ತಿಗೆ ಹತ್ತು ದಿನ ಬಿಡದೆ ಹೊಯ್ದ ಮಳೆ ಒಂದು ಬೆಳಿಗ್ಗೆ ಹೊಳವಾಯಿತು. ಕೊನೆಗಾರನೂ ಬಂದ. ಕರೆಂಟು ಮಾತ್ರ ಇರಲಿಲ್ಲ. ಇಬ್ಬರು ಆಳುಗಳು ಹಳ್ಳದಿಂದ ನೀರು ಹೊತ್ತು ಮುಗಿಸುವಾಗ ಹನ್ನೊಂದು ಗಂಟೆ. ಮಧ್ಯಾಹ್ನ ಮತ್ತೆ ಮಳೆ ಹಿಡಿಯಿತು. ಅರ್ಧ ತೋಟಕ್ಕೆ ಔಷಧಿ ಬೀಳಲಿಲ್ಲ. ಆ ಅರ್ಧದಲ್ಲೇ ಕಾಯಿ ಉದುರಿತು. ತಪ್ಪು ಮಳೆಯದಲ್ಲ, ನನ್ನದು. ಅಲ್ಲೇ ಇದ್ದ ಗೊಬ್ಬರದ ಶೆಡ್ಡಿನ ಮಾಡಿನಿಂದ ಆ ಹತ್ತು ದಿನವೂ ನೀರು ಸುರಿದು ಹೋಗಿತ್ತು.

ಲೆಕ್ಕ ಸುಲಭವಾಗಿದೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಮಾಡು ಆವರಿಸಿದ ನೆಲದ ಅಳತೆಯನ್ನು ಹಿಡಿಯಬೇಕು. ಮಾಡಿನ ಒಂದು ಪಕ್ಕ 5 ಮೀಟರ್ ಉದ್ದ, 2 ಮೀಟರ್ ಅಗಲ ಇದ್ದರೆ 10 ಚದರ ಮೀಟರ್. ಒಂದಿಂಚು, ಅಂದರೆ 25 ಮಿಲಿಮೀಟರ್ ಮಳೆಗೆ 250 ಲೀಟರ್. ಸಿಡಿದು ಸೋರಿ ಐದನೆಯ ಒಂದು ಪಾಲು ಹೋದರೂ 200 ಲೀಟರಿನ ಡ್ರಮ್ಮು ತುಂಬುತ್ತದೆ.

ಮಾಡುವ ಕ್ರಮ ಹೀಗೆ:

1. ಮುಚ್ಚಳವಿರುವ, ಬಾಯಿ ಅಗಲವಾದ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ತನ್ನಿ. ಕೀಟನಾಶಕ, ಕಳೆನಾಶಕ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ಬೇಡ.

2. ತುಂಬಿದ ಡ್ರಮ್ಮು 200 ಕಿಲೋಗೂ ಹೆಚ್ಚು ತೂಗುತ್ತದೆ. ನೆಲ ಗಟ್ಟಿಮಾಡಿ, ಕೆಂಪುಕಲ್ಲಿನಲ್ಲಿ ಎರಡು ಅಡಿ ಎತ್ತರದ ಸಮತಟ್ಟಾದ ಕಟ್ಟೆ ಕಟ್ಟಬೇಕು. ಆಗ ನಲ್ಲಿಯ ಕೆಳಗೆ ಕೊಡವೂ ನಿಲ್ಲುತ್ತದೆ.

3. ತಳದಿಂದ ನಾಲ್ಕು ಇಂಚು ಮೇಲೆ ತೂತು ಕೊರೆದು, ಎರಡೂ ಕಡೆ ರಬ್ಬರ್ ವಾಷರ್ ಹಾಕಿ, ಒಳಗಿನಿಂದ ನಟ್ಟು ಬಿಗಿದು ನಲ್ಲಿ ಕೂರಿಸಿ. ಕೆಸರು ತಳದಲ್ಲೇ ಉಳಿಯುತ್ತದೆ.

4. ಬಾಯಿಯಿಂದ ಮೂರು ಇಂಚು ಕೆಳಗೆ ಹೆಚ್ಚಿನ ನೀರು ಹೊರಹೋಗಲು ಪೈಪು ಇಟ್ಟು ಬಸಿಗಾಲುವೆಗೆ ಬಿಡಿ. ಇಲ್ಲವಾದರೆ ಕಟ್ಟೆಯ ಬುಡವೇ ಕೊರೆದುಹೋಗುತ್ತದೆ.

5. ಮಾಡಿನ ಅಂಚಿಗೆ ಪಿ.ವಿ.ಸಿ. ಪೈಪು ಸೀಳಿ ಕಟ್ಟಬಹುದು. ಬಿದ್ದ ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆಯೂ ಸಾಕು. ಡ್ರಮ್ಮಿನ ಕಡೆಗೆ ತುಸು ಇಳಿಜಾರಿರಲಿ.

6. ನೀರು ಬೀಳುವ ಬಾಯಿಗೂ ಹೊರಹೋಗುವ ಪೈಪಿಗೂ ಸೊಳ್ಳೆಬಲೆ ಕಟ್ಟಲೇಬೇಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಡೆಂಗ್ಯೂ ಹರಡುವ ಸೊಳ್ಳೆ ಬೆಳೆಯುವುದು ಇಂಥ ನೀರಿನಲ್ಲೇ. ಮಕ್ಕಳು ತೆಗೆಯದಂತೆ ಮುಚ್ಚಳ ಭದ್ರವಾಗಿರಲಿ.

ಮೊದಲ ಮಳೆಯ ನೀರಿನಲ್ಲಿ ಧೂಳು, ಎಲೆ, ಹಕ್ಕಿ ಹಿಕ್ಕೆ ಇರುವುದರಿಂದ ದಂಬೆಯನ್ನು ಹೊರಗೆ ತಿರುಗಿಸಿಟ್ಟು ಆ ನೀರನ್ನು ಬಿಟ್ಟುಬಿಡಿ. ಈ ನೀರು ಕುಡಿಯಲು ಅಲ್ಲ.

ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ನಮಗೆಲ್ಲ ಗೊತ್ತಿದೆ. ಅಂದರೆ ಒಂದು ಡ್ರಮ್ಮಿನ ನೀರು ಎರಡು ಸಲದ ಮಿಶ್ರಣಕ್ಕಾಯಿತು. ಹೆಚ್ಚು ಬೇಕಾದವರು ಒಂದೇ ಮಟ್ಟದಲ್ಲಿ ಎರಡು ಮೂರು ಡ್ರಮ್ಮು ಇಟ್ಟು ತಳದ ಹತ್ತಿರ ಪೈಪಿನಿಂದ ಜೋಡಿಸಿದರೆ ಎಲ್ಲವೂ ಒಟ್ಟಿಗೆ ತುಂಬುತ್ತವೆ. ದ್ರಾವಣವನ್ನು ಮಾತ್ರ ಈ ಡ್ರಮ್ಮಿನಲ್ಲಿ ಕಲಸದೆ ಬೇರೆ ಪ್ಲಾಸ್ಟಿಕ್ ಅಥವಾ ಮರದ ಪಾತ್ರೆಯಲ್ಲಿ ಕಲಸಿರಿ. ಕಬ್ಬಿಣದ ಪಾತ್ರೆ ಸಲ್ಲದು. ಉಜ್ಜಿದ ಚಾಕು ಅದ್ದಿದಾಗ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಕಲಸಿದ್ದನ್ನು ಅದೇ ದಿನ ಹೊಡೆದು ಮುಗಿಸಬೇಕು.

ಮೊದಲನೆಯ ಸಿಂಪಡಣೆ ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40–45 ದಿನಗಳ ನಂತರ. ಎರಡನೆಯದಕ್ಕೆ ಹೊಳವು ಯಾವ ದಿನ ಸಿಗುವುದೋ ಯಾರೂ ಹೇಳಲಾರರು. ಸಿಕ್ಕ ದಿನ ನೀರು ಹೊರುವುದರಲ್ಲಿ ಕಳೆಯಬಾರದು. ರೋಹಿಣಿ ಮಳೆಗೆ ಮುಂಚೆ ಡ್ರಮ್ಮು ಕಟ್ಟೆಯ ಮೇಲೆ ಕೂತಿರಲಿ ಎಂದು ಸದಸ್ಯರಲ್ಲಿ ನನ್ನ ವಿನಂತಿ.

— ಕಾರ್ಯದರ್ಶಿ