ಹುಬ್ಬಳ್ಳಿ–ಬೆಳಗಾವಿ: ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ಹೊತ್ತು?

ಬೆಳಗಾವಿಯಲ್ಲಿ ವಿಮಾನ ಇಳಿದು, ಅಂದೇ ಹುಬ್ಬಳ್ಳಿಯಿಂದ ಇನ್ನೊಂದು ವಿಮಾನ ಹಿಡಿಯುವ ಯೋಚನೆಯಿದ್ದವರು ಮೊದಲು ಅಂತರದ ಲೆಕ್ಕವನ್ನು ಅರಿತಿರಬೇಕು.

ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೂ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೂ ನೇರ ರೇಖೆಯಲ್ಲಿ ಸುಮಾರು 75 ಕಿ.ಮೀ. ಅಂತರವಿದೆ. ಆದರೆ ಕಿತ್ತೂರು, ಧಾರವಾಡಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ಹಾದಿ ಸುಮಾರು 100 ಕಿ.ಮೀ. ಆಗುತ್ತದೆ. ಕಾರಿನಲ್ಲಿ ಇದಕ್ಕೆ ಹೆಚ್ಚುಕಡಿಮೆ 2 ಗಂಟೆ ಬೇಕು.

ಇಷ್ಟು ಸಮೀಪದಲ್ಲಿ ಎರಡು ನಿಲ್ದಾಣಗಳೇಕೆ ಎಂಬ ಪ್ರಶ್ನೆ ಸಹಜ. ಈಗಿರುವ ನಿಲ್ದಾಣದಿಂದ 150 ಕಿ.ಮೀ. ಒಳಗೆ ಹೊಸದನ್ನು ಸಾಮಾನ್ಯವಾಗಿ ಅನುಮತಿಸಬಾರದೆಂಬ ಕೇಂದ್ರದ ನೀತಿ ಜಾರಿಗೆ ಬಂದದ್ದು 2008ರಲ್ಲಿ. ಇವೆರಡೂ ಅದಕ್ಕಿಂತ ಹಳೆಯವು. ಸಾಂಬ್ರಾ ನಿಲ್ದಾಣವಂತೂ ಎರಡನೆಯ ಮಹಾಯುದ್ಧದ ಕಾಲದ್ದು.

ಇವುಗಳ ನಡುವೆ ವಿಮಾನ ಹಾರಿಸಿದರೂ ಸಮಯ ಉಳಿಯದು. ಗಂಟೆಗೆ 500 ಕಿ.ಮೀ. ವೇಗದಲ್ಲಿ 75 ಕಿ.ಮೀ. ಕ್ರಮಿಸಲು 9 ನಿಮಿಷ ಸಾಕು, ನಿಜ. ಆದರೆ ಮೇಲೇರುವಾಗ, ಇಳಿಯುವಾಗ ಆ ವೇಗವಿರುವುದಿಲ್ಲ. ಜತೆಗೆ ಚೆಕ್-ಇನ್, ತಪಾಸಣೆಗಳಿಗೇ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ.

ಆದ್ದರಿಂದ ಲೆಕ್ಕ ಹೀಗಿರಲಿ: ಲಗೇಜು ಪಡೆಯಲು ಅರ್ಧ ಗಂಟೆ, ರಸ್ತೆಗೆ 2 ಗಂಟೆ, ಚೆಕ್-ಇನ್ ಮುಗಿಯುವ ಮುನ್ನ ತಲುಪಲು ಇನ್ನೊಂದು ಗಂಟೆ. ಒಟ್ಟು ಮೂರೂವರೆ ಗಂಟೆ. ಮೊದಲ ವಿಮಾನ ತಡವಾಗುವ ಸಂಭವವನ್ನೂ ಸೇರಿಸಿದರೆ 5 ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ಎರಡು ಟಿಕೆಟ್‌ಗಳನ್ನು ಪ್ರತ್ಯೇಕವಾಗಿ ಕೊಂಡಿದ್ದರೆ, ತಪ್ಪಿಹೋದ ಎರಡನೆಯ ವಿಮಾನದ ನಷ್ಟ ಸಾಮಾನ್ಯವಾಗಿ ಪ್ರಯಾಣಿಕನದೇ.