ಹಾರುವ ಜೇನಿನ ರೆಕ್ಕೆ ಚಿತ್ರದಲ್ಲಿ ಮಸುಕಾಗುವುದೇಕೆ?

ಪ್ರಶ್ನೆ: ಹೂವಿನ ಬಳಿ ಹಾರುವ ಜೇನನ್ನು ಹತ್ತಿರದಿಂದ ಸೆರೆಹಿಡಿದಾಗ ದೇಹ ಸ್ಪಷ್ಟವಾಗಿದ್ದರೂ ರೆಕ್ಕೆಗಳು ಮಾತ್ರ ಮಸುಕಾಗುವುದೇಕೆ? (ಓದುಗರು, ವೈಜಾಪುರ)

ಉತ್ತರ: ಮೆಲ್ಲಿಫೆರಾ ಜೇನು ಸೆಕೆಂಡಿಗೆ ಸುಮಾರು 230 ಬಾರಿ ರೆಕ್ಕೆ ಬಡಿಯುವುದರಿಂದ, ಕ್ಯಾಮೆರಾದ ಶಟರ್, ಎಂದರೆ ಬೆಳಕನ್ನು ಒಳಬಿಡುವ ಪರದೆ, ಸೆಕೆಂಡಿನ 1/1000 ಭಾಗದಷ್ಟು ಹೊತ್ತು ಮಾತ್ರ ತೆರೆದಿದ್ದರೂ ಅಷ್ಟರಲ್ಲಿ ಒಂದು ಪೂರ್ಣ ಬಡಿತದ ಕಾಲುಭಾಗ ಮುಗಿದಿರುತ್ತದೆ. ಹೂವಿನೆದುರು ಹೆಚ್ಚುಕಡಿಮೆ ನಿಂತಂತೆ ತೇಲುವ ದೇಹ ಆ ಅವಧಿಯಲ್ಲಿ ಅಷ್ಟಾಗಿ ಸರಿಯುವುದಿಲ್ಲ; ರೆಕ್ಕೆಯ ತುದಿಯಾದರೋ ಹಲವು ಮಿಲಿಮೀಟರ್ ಸಾಗಿ ತನ್ನ ದಾರಿಯನ್ನೆಲ್ಲ ಚಿತ್ರದ ಮೇಲೆ ಬಳಿದುಬಿಡುತ್ತದೆ.

ಇದಕ್ಕೆ ಪರಿಹಾರ ಶಟರಿಗಿಂತ ಫ್ಲ್ಯಾಶ್‌ನಲ್ಲಿದೆ. ಕತ್ತಲೆಯಲ್ಲಿ ತಿರುಗುತ್ತಿರುವ ಫ್ಯಾನು ಮಿಂಚು ಹೊಳೆದ ಕ್ಷಣ ನಿಂತಂತೆ ಕಾಣುವ ಹಾಗೆಯೇ, ಶಕ್ತಿಯನ್ನು ತಗ್ಗಿಸಿದ ಫ್ಲ್ಯಾಶ್‌ನ ಬೆಳಕು ಸೆಕೆಂಡಿನ 1/20000 ಭಾಗದಷ್ಟೇ ಬಾಳುವುದರಿಂದ ರೆಕ್ಕೆಯ ನರಗಳೂ ಎಣಿಸುವಷ್ಟು ಸ್ಪಷ್ಟವಾಗಿ ಮೂಡುತ್ತವೆ. ಇಂಥ ಬೆಳಕು ದುರ್ಬಲವಾದುದರಿಂದ ಫ್ಲ್ಯಾಶನ್ನು ಹೂವಿಗೆ ತೀರ ಸಮೀಪದಲ್ಲಿ ಇಡಬೇಕಾಗುತ್ತದೆ.

ಆದರೆ ಈರುಳ್ಳಿ ಬೀಜದ ಬೆಳೆ ಹೂಬಿಟ್ಟಿರುವ ಬಯಲಿನಲ್ಲಿ, ನಡುಹಗಲ ಬಿಸಿಲಿನಲ್ಲಿ ಈ ಉಪಾಯ ಸುಲಭವಾಗಿ ಫಲಿಸುವುದಿಲ್ಲ. ಸೂರ್ಯನ ಬೆಳಕೂ ಚಿತ್ರಕ್ಕೆ ಸೇರಿ, ಸ್ಪಷ್ಟ ರೆಕ್ಕೆಯ ಪಕ್ಕದಲ್ಲಿ ಮಸುಕಾದ ನೆರಳೊಂದನ್ನು ಮೂಡಿಸುತ್ತದೆ. ಲೆನ್ಸಿನ ದ್ವಾರವನ್ನು, ಎಂದರೆ ಅಪರ್ಚರನ್ನು, ಕಿರಿದಾಗಿಸಿ ಹೂವಿಗೆ ನೆರಳು ಮಾಡಿದರೆ ಈ ದೋಷ ತಗ್ಗುತ್ತದೆ. ಸಮೀಪ ಛಾಯಾಗ್ರಹಣದಲ್ಲಿ ಸ್ಪಷ್ಟವಾಗಿ ಕಾಣುವ ಆಳವು ಕೆಲವೇ ಮಿಲಿಮೀಟರ್‌ಗಳಿರುವುದರಿಂದ, ಆ ಆಳವನ್ನು ತುಸು ಹಿಗ್ಗಿಸುವ ಕಿರಿದ್ವಾರವು ಇನ್ನೊಂದು ಲಾಭವನ್ನೂ ತರುತ್ತದೆ. ಇಷ್ಟಾದರೂ ಹಾರುವ ಜೇನನ್ನು ಅಟ್ಟಿಸಿಕೊಂಡು ಹೋಗುವುದು ವ್ಯರ್ಥವೇ ಸರಿ. ಒಂದು ಹೂವಿನ ಅಂಚಿಗೆ ಫೋಕಸನ್ನು ಮೊದಲೇ ನಿಲ್ಲಿಸಿ, ಜೇನು ಅಲ್ಲಿಗೆ ಬರುವವರೆಗೆ ಕಾಯುವುದೇ ಹೆಚ್ಚು ಫಲಕಾರಿ.