ಹಿಂದಿಯ ಲಿಂಗ ಮತ್ತು 'ನೇ' ಪ್ರತ್ಯಯ: ಕನ್ನಡಿಗರು ಎಡವುವುದೆಲ್ಲಿ?

ಉದ್ಯೋಗದ ನಿಮಿತ್ತ ಉತ್ತರ ಭಾರತಕ್ಕೆ ತೆರಳಿದ ಕನ್ನಡಿಗ ಮಹಿಳೆಯೊಬ್ಬರು 'ಮೈಂ ಜಾತಾ ಹೂಂ' ಎಂದರೆ ಕೇಳಿದವರ ತುಟಿಯಂಚಿನಲ್ಲಿ ನಗು ಮೂಡುತ್ತದೆ. ಸ್ತ್ರೀಯಾದವಳು 'ಜಾತೀ ಹೂಂ' ಎನ್ನಬೇಕು. ಶಾಲೆಯಲ್ಲಿ ಹಿಂದಿ ಕಲಿತು, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವರು ಕೂಡ ಇಂತಹ ಒಂದು ನಗುವಿಗೆ ಅಂಜಿ ಹಿಂದಿಯಲ್ಲಿ ಬಾಯಿ ತೆರೆಯಲು ಹಿಂಜರಿಯುವುದುಂಟು. ಆದರೆ ಈ ತಪ್ಪಿಗೆ ಜಾಣ್ಮೆಯ ಕೊರತೆ ಕಾರಣವಲ್ಲ. ಲಿಂಗವನ್ನು ಕನ್ನಡ ನೋಡುವ ಬಗೆಯೇ ಬೇರೆ, ಹಿಂದಿ ನೋಡುವ ಬಗೆಯೇ ಬೇರೆ. ಈ ಭೇದವನ್ನು ಅರಿತರೆ ಅರ್ಧ ವ್ಯಾಕರಣ ಕೈವಶವಾದಂತೆ.

ಹತ್ತಿರವಿರುವುದೇನು?

ವಾಕ್ಯರಚನೆಯಲ್ಲಿ ಎರಡೂ ಭಾಷೆಗಳು ನೆರೆಹೊರೆಯವೇ. ಕರ್ತೃ, ಕರ್ಮ, ಕ್ರಿಯಾಪದ ಎಂಬ ಕ್ರಮ ಎರಡಕ್ಕೂ ಸಮಾನ. ಕನ್ನಡದ 'ಗೆ', 'ಇಂದ', 'ಅಲ್ಲಿ' ಪ್ರತ್ಯಯಗಳಿರುವ ಕಡೆ ಹಿಂದಿಯಲ್ಲಿ ಸಾಮಾನ್ಯವಾಗಿ 'ಕೋ', 'ಸೇ', 'ಮೇಂ' ಬರುತ್ತವೆ. 'ನನಗೆ ಹಸಿವಾಗಿದೆ' ಎಂಬಲ್ಲಿ ಹಸಿದವರು ಚತುರ್ಥಿ ವಿಭಕ್ತಿಯಲ್ಲಿ ನಿಲ್ಲುವಂತೆ 'ಮುಝೇ ಭೂಖ್ ಲಗೀ ಹೈ' ಎಂಬಲ್ಲಿಯೂ ನಿಲ್ಲುತ್ತಾರೆ. ಇಲ್ಲಿ 'ಲಗಾ' ಎನ್ನದೆ 'ಲಗೀ' ಎಂದದ್ದೇಕೆ? 'ಭೂಖ್' ಸ್ತ್ರೀಲಿಂಗವಾದುದರಿಂದ. ತೊಡಕು ಆರಂಭವಾಗುವುದು ಇಲ್ಲಿಂದಲೇ.

ಅರ್ಥದ ಲಿಂಗ, ಪದದ ಲಿಂಗ

ಕನ್ನಡದಲ್ಲಿ ಲಿಂಗವು ಪದದ ಅರ್ಥವನ್ನು ಅನುಸರಿಸುತ್ತದೆ. ಗಂಡಸಾದರೆ ಪುಲ್ಲಿಂಗ, ಹೆಂಗಸಾದರೆ ಸ್ತ್ರೀಲಿಂಗ. ಮೇಜು, ಮನೆ, ಪುಸ್ತಕಗಳೆಲ್ಲ ನಪುಂಸಕಲಿಂಗ. ಹಿಂದಿಯಲ್ಲಿ ನಪುಂಸಕಲಿಂಗವೇ ಇಲ್ಲ. ನಿರ್ಜೀವ ವಸ್ತುವೂ ಪುಲ್ಲಿಂಗ ಅಥವಾ ಸ್ತ್ರೀಲಿಂಗದಲ್ಲಿ ಸೇರಲೇಬೇಕು. 'ಘರ್' ಪುಲ್ಲಿಂಗ, 'ಕಿತಾಬ್' ಸ್ತ್ರೀಲಿಂಗ. ಕನ್ನಡದಲ್ಲಿ 'ರಾಮನ ಮನೆ', 'ರಾಮನ ಪುಸ್ತಕ' ಎರಡರಲ್ಲೂ 'ರಾಮನ' ಬದಲಾಗದು. ಹಿಂದಿಯಲ್ಲಾದರೋ 'ರಾಮ್ ಕಾ ಘರ್', 'ರಾಮ್ ಕೀ ಕಿತಾಬ್', 'ರಾಮ್ ಕೇ ಬೇಟೇ' ಎಂದು ಮುಂದಿನ ಪದವನ್ನು ನೋಡಿ ರೂಪ ಬದಲಾಗುತ್ತದೆ. 'ಒಳ್ಳೆಯ' ಎಂಬ ವಿಶೇಷಣವೂ ಹಾಗೆಯೇ: 'ಅಚ್ಛಾ ಲಡ್ಕಾ', 'ಅಚ್ಛೀ ಲಡ್ಕೀ'.

ಸಂಸ್ಕೃತ ಬಲ್ಲವರಿಗೆ ಇನ್ನೊಂದು ಎಡರು. ಸಂಸ್ಕೃತದಲ್ಲಿ ಪುಲ್ಲಿಂಗವಾದ ಅಗ್ನಿ, ವಾಯು, ಆತ್ಮಗಳು ಹಿಂದಿಯಲ್ಲಿ ಸ್ತ್ರೀಲಿಂಗ. ಸಂಸ್ಕೃತದ ನಪುಂಸಕಲಿಂಗದ 'ಪುಸ್ತಕ'ವೂ ಇಲ್ಲಿ ಸ್ತ್ರೀಲಿಂಗ.

ಹಾಗಾದರೆ ಗುರುತಿಸುವುದು ಹೇಗೆ? 'ಈ'ಕಾರಾಂತ ಪದಗಳು ಬಹುಮಟ್ಟಿಗೆ ಸ್ತ್ರೀಲಿಂಗ: ರೋಟೀ, ಕುರ್ಸೀ, ಚಿಟ್ಠೀ. ಪಾನೀ, ಘೀ, ದಹೀ, ಮೋತೀ, ಹಾಥೀ ಅಪವಾದಗಳು. 'ಆ'ಕಾರಾಂತ ಪದಗಳಲ್ಲಿ ಕಮ್ರಾ, ರುಪಯಾದಂತಹವು ಪುಲ್ಲಿಂಗ. ಆದರೆ ಭಾಷಾ, ಕಥಾ, ಯಾತ್ರಾ, ಪರೀಕ್ಷಾ ಇತ್ಯಾದಿಗಳು ಸ್ತ್ರೀಲಿಂಗ. ಇವನ್ನು ಬೇರ್ಪಡಿಸಲು ಕನ್ನಡವೇ ನೆರವಾಗುತ್ತದೆ. ಇವು ಕನ್ನಡದಲ್ಲಿ ಭಾಷೆ, ಕಥೆ, ಯಾತ್ರೆ, ಪರೀಕ್ಷೆ ಎಂದು 'ಎ'ಕಾರಾಂತವಾಗುವ ಸಂಸ್ಕೃತ ಪದಗಳು. ಇಂತಹ ಪದ ಎದುರಾದರೆ ಸ್ತ್ರೀಲಿಂಗವೆಂದು ಬಹುತೇಕ ಧೈರ್ಯವಾಗಿ ಹೇಳಬಹುದು. 'ದೇವತೆ' ಮಾತ್ರ ಹಿಂದಿಯಲ್ಲಿ ಪುಲ್ಲಿಂಗದ 'ದೇವತಾ'.

'ನೇ' ತರುವ ತಿರುವು

'ಜಾತೀ ಹೂಂ' ಎಂದು ತಿದ್ದಿಕೊಂಡ ಮಹಿಳೆ, ಎಲ್ಲ ಕ್ರಿಯಾಪದಗಳಿಗೂ 'ಈ'ಕಾರ ಹಚ್ಚಿದರೆ ಮತ್ತೆ ಎಡವುವುದು ಖಂಡಿತ. ಆಕೆ ಮಾವಿನಹಣ್ಣು ತಿಂದಿದ್ದರೆ 'ಮೈಂನೇ ಆಮ್ ಖಾಯಾ' ಎನ್ನಬೇಕು. ರೊಟ್ಟಿ ತಿಂದ ಗಂಡಸು 'ಮೈಂನೇ ರೋಟೀ ಖಾಯೀ' ಎನ್ನಬೇಕು. ಸಕರ್ಮಕ ಕ್ರಿಯೆ ಪೂರ್ಣಗೊಂಡಿದ್ದನ್ನು ಹೇಳುವಾಗ ಕರ್ತೃವಿಗೆ 'ನೇ' ಹತ್ತುತ್ತದೆ. ಕ್ರಿಯಾಪದ ಕರ್ತೃವನ್ನು ಬಿಟ್ಟು ಕರ್ಮವನ್ನು ಅನುಸರಿಸುತ್ತದೆ. 'ಆಮ್' ಪುಲ್ಲಿಂಗ, 'ರೋಟೀ' ಸ್ತ್ರೀಲಿಂಗ ಎಂಬುದಷ್ಟೇ ಇಲ್ಲಿ ಮುಖ್ಯ.

ಇದರ ಮೂಲ ಸಂಸ್ಕೃತದ ಕರ್ಮಣಿ ರಚನೆಯಲ್ಲಿದೆ. 'ರಾಮೇಣ ಗ್ರಂಥಃ ಪಠಿತಃ' ಎಂಬಲ್ಲಿ 'ಪಠಿತಃ' ಎಂಬುದು ರಾಮನನ್ನಲ್ಲ, ಗ್ರಂಥವನ್ನು ಅನುಸರಿಸಿದೆ. ಕಾಮತಾಪ್ರಸಾದ ಗುರು ಅವರು 1920ರಲ್ಲಿ ಪ್ರಕಟವಾದ ತಮ್ಮ 'ಹಿಂದೀ ವ್ಯಾಕರಣ'ದಲ್ಲಿ ಇಂತಹ ವಾಕ್ಯಗಳನ್ನು ಕರ್ಮಣಿ ಪ್ರಯೋಗವೆಂದೇ ವಿವರಿಸಿದ್ದಾರೆ. ಕನ್ನಡದಲ್ಲಿ ಕರ್ಮಣಿ ಪ್ರಯೋಗ ಓದಿದವರಿಗೆ ಇದು ಅಪರಿಚಿತವಲ್ಲ. 'ರಾಮನಿಂದ ರೊಟ್ಟಿ ತಿನ್ನಲ್ಪಟ್ಟಿತು' ಎಂಬಲ್ಲಿ ಕ್ರಿಯಾಪದ ರೊಟ್ಟಿಯನ್ನೇ ಅನುಸರಿಸಿದೆಯಷ್ಟೆ. ಅರ್ಥ ಕರ್ತರಿಯಾಗಿದ್ದರೂ ಹಿಂದಿಯ ರಚನೆಯಲ್ಲಿ ಆ ಹಳೆಯ ನಡೆ ಉಳಿದಿದೆ.

ಕರ್ಮಕ್ಕೆ 'ಕೋ' ಹತ್ತಿದರೆ ಕ್ರಿಯಾಪದ ಯಾರನ್ನೂ ಅನುಸರಿಸದೆ ಪುಲ್ಲಿಂಗ ಏಕವಚನದಲ್ಲಿ ನಿಲ್ಲುತ್ತದೆ: 'ರಾಮ್ ನೇ ಸೀತಾ ಕೋ ದೇಖಾ'. ಇದು ಭಾವೇ ಪ್ರಯೋಗ. 'ಆಯಾ', 'ಗಯಾ'ದಂತಹ ಅಕರ್ಮಕಗಳಿಗೆ 'ನೇ' ಬೇಡ. ವರ್ತಮಾನ, ಭವಿಷ್ಯತ್ ಕಾಲಗಳಲ್ಲಿಯೂ ಬೇಡ. ಸಕರ್ಮಕವಾದರೂ 'ಲಾನಾ', 'ಭೂಲ್ನಾ' ಧಾತುಗಳು 'ನೇ' ಒಲ್ಲವು: 'ರಾಮ್ ಕಿತಾಬ್ ಲಾಯಾ'.

ಅಭ್ಯಾಸದ ದಾರಿ

ಹಿಂದಿಯ ನಾಮಪದವನ್ನು ಒಂಟಿಯಾಗಿ ಕಲಿಯಬಾರದು. 'ಘರ್' ಎಂದಲ್ಲ, 'ಮೇರಾ ಘರ್' ಎಂದು. 'ಕಿತಾಬ್' ಎಂದಲ್ಲ, 'ಮೇರೀ ಕಿತಾಬ್' ಎಂದು ಬಾಯಿಪಾಠ ಮಾಡಿದರೆ ಲಿಂಗ ತಾನಾಗಿ ನಾಲಗೆಯ ಮೇಲೆ ಕೂರುತ್ತದೆ. ಲಿಂಗ ತಿಳಿದರೆ 'ಕಾ-ಕೀ', ವಿಶೇಷಣ, 'ನೇ' ವಾಕ್ಯ ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ಕನ್ನಡ ಕಲಿಯುವ ಹಿಂದಿ ಭಾಷಿಕರ ಪಾಡೂ ಇದಕ್ಕಿಂತ ಭಿನ್ನವಲ್ಲ. ಅವನು, ಅವಳು, ಅದು ಮೂರಕ್ಕೂ ಹಿಂದಿಯಲ್ಲಿ 'ವಹ್' ಒಂದೇ ಪದ. ಹೀಗಾಗಿ ಅವರು ಅವಳನ್ನು ಅವನೆಂದೂ, ಬಂದವರನ್ನು ಬಂದಿತೆಂದೂ ಹೇಳಿಬಿಡುತ್ತಾರೆ. ಮೊದಲ ತಪ್ಪಿಗೆ ನಕ್ಕು ಸುಮ್ಮನಾಗುವ ಬದಲು ಸರಿಯಾದ ರೂಪವನ್ನು ಹೇಳಿಕೊಟ್ಟರೆ ಎರಡೂ ಕಡೆಯವರ ಕಲಿಕೆ ಮುಂದೆ ಸಾಗುತ್ತದೆ.